ಸಮಾರಂಭದ ಹೊಣೆ ಯಾರಿಗೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ವರ್ತಕ ಕುಟುಂಬಗಳು ಇದಕ್ಕೆ ಮೂರನೆಯದೊಂದನ್ನು ಸೇರಿಸಿಕೊಳ್ಳಬಹುದು. ಮಳಿಗೆಯ ಪ್ರಾರಂಭೋತ್ಸವವಾಗಲಿ, ಗಿರಾಕಿಗಳ ಸತ್ಕಾರಕೂಟವಾಗಲಿ, ಸಂಸ್ಥೆಯ ಬೆಳ್ಳಿಹಬ್ಬವಾಗಲಿ, ನಡೆಸಿದವರಿಗೇ ಅದರ ಕಷ್ಟ ಗೊತ್ತು. ಇಂತಹ ಏರ್ಪಾಡುಗಳನ್ನೇ ವೃತ್ತಿಯಾಗಿ ಕೈಕೊಂಡವರು ಇಂದು ಬಹುಮಂದಿ ಇರುವರು. ಆದರೆ ಹಲವು ವರ್ಷ ದುಡಿದು ಕೂಡಿಟ್ಟ ಹಣವನ್ನೂ, ಅದಕ್ಕಿಂತ ನಿಧಾನವಾಗಿ ಗಳಿಸಿದ ಹೆಸರನ್ನೂ ಪರರ ಕೈಗೊಪ್ಪಿಸುವ ಮೊದಲು ಆ ಕೈ ಎಂತಹುದೆಂದು ವಿಚಾರಿಸುವುದು ಗೃಹಸ್ಥರ ಕರ್ತವ್ಯವು.

ಇದಕ್ಕೊಂದು ಒಳ್ಳೆಯ ನಿದರ್ಶನವುಂಟು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಸಕಲ ರಾಷ್ಟ್ರಗಳ ಕೈಗಾರಿಕಾ ಪ್ರದರ್ಶನಕ್ಕೆ ಮಂದಿರವೊಂದು ಬೇಕಾಗಿದ್ದಿತು. ಹಿಂದಿನ ವರ್ಷ ನಕ್ಷೆಗಳನ್ನು ಕರೆದಾಗ 245 ಬಂದುವು, ಒಂದೂ ಒಪ್ಪಿಗೆಯಾಗಲಿಲ್ಲ. ಕಡೆಗೆ ಆ ಕಾರ್ಯವು ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರನಿಗೆ ಲಭಿಸಿತು. ಕಟ್ಟಡ ಶಿಲ್ಪಿಯೆಂಬ ಬಿರುದು ಅವನಿಗಿರಲಿಲ್ಲ. ಆದರೆ ಚಾಟ್ಸ್‌ವರ್ತ್ ತೋಟದಲ್ಲಿ ಅವನು ನಿರ್ಮಿಸಿದ್ದ ಗಾಜಿನ ಮನೆಗಳು ಎಲ್ಲರ ಕಣ್ಣೆದುರಿಗಿದ್ದುವು. ಒಂದೇ ಅಳತೆಯ ಬಿಡಿಭಾಗಗಳನ್ನು ಕಾರ್ಖಾನೆಗಳಲ್ಲಿ ಸಿದ್ಧಪಡಿಸಿ ತಂದು ಜೋಡಿಸಿದರೆ ಕಾಲಕ್ಕೆ ಸರಿಯಾಗಿ ಮುಗಿಯುವುದೆಂಬುದು ಅವನ ಲೆಕ್ಕವು. ಜನರು ಬರುವ ಮೊದಲೇ ಉಪ್ಪರಿಗೆಗಳ ಮೇಲೆ ಆಳುಗಳನ್ನು ನಡೆಯಿಸಿ ಅವುಗಳ ಬಲವನ್ನು ಪರೀಕ್ಷಿಸಿದರು. ಮೇ 1ರಂದು ಪ್ರದರ್ಶನವು ತೆರೆಯಿತು. ಅಕ್ಟೋಬರಿನಲ್ಲಿ ಮುಗಿಯುವುದರೊಳಗೆ 60 ಲಕ್ಷಕ್ಕೂ ಮೇಲ್ಪಟ್ಟು ಪ್ರವೇಶಗಳಾದುವು. ಖರ್ಚು ಕಳೆದು ಸುಮಾರು 1,86,000 ಪೌಂಡು ಉಳಿಯಿತು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ ಆ ಮಂದಿರವೇ ಮಾದರಿಯು.

ನಮ್ಮ ಸಮಾರಂಭವು ಚಿಕ್ಕದಾದರೂ ನೀತಿಯೊಂದೇ: ಮಾತನ್ನು ಕೇಳುವ ಮೊದಲು ಮಾಡಿದ ಕೆಲಸವನ್ನು ನೋಡತಕ್ಕದ್ದು. ಬಣ್ಣದ ಚಿತ್ರಗಳಿಂದ ತೃಪ್ತರಾಗದೆ, ಅವರಿಂದ ಕೆಲಸ ಮಾಡಿಸಿಕೊಂಡ ಇಬ್ಬರು ಮೂವರನ್ನು ಕಂಡು ವಿಚಾರಿಸಿರಿ. ಅವರು ನಡೆಸುತ್ತಿರುವ ಸಮಾರಂಭವೊಂದಕ್ಕೆ ಒಪ್ಪಿಗೆ ಪಡೆದು ಹೋಗಿ, ವೇದಿಕೆಯ ಮುಂದೆ ಕುಳಿತುಕೊಳ್ಳದೆ ಅಡಿಗೆಯ ಕಡೆ ನಿಂತು ನೋಡಿರಿ. ಮಳೆ ಬಂದರೆ, ದೀಪ ಆರಿದರೆ, ಕರೆದವರಿಗಿಂತ ನೂರು ಜನ ಹೆಚ್ಚಾಗಿ ಬಂದರೆ ಏನು ಮಾಡುವಿರೆಂದು ಕೇಳಿರಿ. ಆ ದಿನ ಸ್ವತಃ ಇರುವರೋ, ಬೇರೆಯವರನ್ನು ಕಳುಹಿಸುವರೋ ತಿಳಿದುಕೊಳ್ಳಿರಿ. ಶಾಮಿಯಾನ, ಊಟ, ದೀಪ ಇವುಗಳ ವೆಚ್ಚವನ್ನು ಬೇರೆಬೇರೆಯಾಗಿ ಬರೆಯಿಸಿ, ಅವರ ಸಂಭಾವನೆ ಎಷ್ಟೆಂಬುದನ್ನೂ ಅದರಲ್ಲಿ ಕಾಣಿಸಿರಿ. ಮುಂಗಡವನ್ನು ಕಂತುಗಳಲ್ಲಿ ಕೊಟ್ಟು, ಕೊನೆಯ ಕಂತನ್ನು ಲೆಕ್ಕ ಒಪ್ಪಿಸಿದ ಮೇಲೆ ಕೊಡುವುದು ಕ್ಷೇಮ.

ಎಲ್ಲಕ್ಕಿಂತ ಮೊದಲಾಗಿ ಒಂದು ಲಕ್ಷಣವನ್ನು ಗಮನಿಸಬೇಕು. ಯೋಗ್ಯರಾದವರು ಹೂವಿನ ಅಲಂಕಾರವನ್ನು ವರ್ಣಿಸುವ ಮುನ್ನ, ಈ ಸಮಾರಂಭವೇತಕ್ಕೆ, ಬರುವವರಾರು, ನಿಮ್ಮ ಶಕ್ತಿ ಎಷ್ಟು ಎಂದು ಕೇಳುವರು. ಶಕ್ತಿಗೆ ಮೀರಿದುದನ್ನು ಬೇಡವೆಂದು ಹೇಳುವ ಧೈರ್ಯವೂ ಅವರಿಗಿರುವುದು. ಕೇಳಿದುದಕ್ಕೆಲ್ಲ ಆಗಲಿ ಎನ್ನುವವರು ಅಂದಿಗೆ ಹಿತವಾಗಿ ತೋರಿದರೂ, ಸಾಲವನ್ನು ತೀರಿಸಬೇಕಾದವರು ಮನೆಯವರೇ ಅಲ್ಲವೆ?