ನಲ್ಲಿಗೆ ಯಾವ ದೇಶವಾದರೇನು?

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ಓಡಾಟ, ಜೊತೆಗೆ ಹುಟ್ಟಿನಿಂದಲೇ ಬಂದ ಸೋಮಾರಿತನ. ಕೊನೆಗೂ ನನ್ನನ್ನು ಕೀಬೋರ್ಡಿನ ಮುಂದೆ ಕೂರಿಸಿದ್ದು ಒಂದು ನಲ್ಲಿ. ಹೌದು, ನೀರು ಬರುವ ನಲ್ಲಿಯೇ. ನಗಬೇಡಿ, ಈ ನಲ್ಲಿಯಿಂದಾಗಿ ನಾನೂ ನಮ್ಮ ಭಾವನೂ ಎರಡು ವಾರ ಸರಿಯಾಗಿ ಮಾತಾಡಿಲ್ಲ :-)

ಕಥೆ ಹೀಗಿದೆ. ಅಪ್ಪ ಅಮ್ಮ ಇರುವುದು ತುಮಕೂರಿನಲ್ಲಿ, ಅಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಕಟ್ಟಿಸಿದ ಮನೆಯಲ್ಲಿ. ಮೂರು ವರ್ಷದ ಹಿಂದೆ ಅಮ್ಮನಿಗೆ ಬೆರಳಿನ ಗೆಣ್ಣುಗಳ ನೋವು ಜಾಸ್ತಿಯಾಯಿತು. ಹಳೆಯ ತಿರುಗಿಸುವ ನಲ್ಲಿ ಅವರಿಗೆ ಕಷ್ಟವಾಗುತ್ತಿತ್ತು. ಸರಿ, ಬಚ್ಚಲುಮನೆ ರಿಪೇರಿ ಮಾಡಿಸಿ, ಒಂದು ಬೆರಳಲ್ಲಿ ಎತ್ತಿದರೆ ನೀರು ಬರುವಂಥ ಲಿವರ್ ನಲ್ಲಿ ಹಾಕಿಸೋಣ ಅಂದುಕೊಂಡೆ. ಆಗ ಬಂತು ಭಾವನ ಸಲಹೆ: "ಅಂಗಡಿಯವನು ಚೈನಾ ಮಾಲು ಕೊಡ್ತಾನೆ, ಹುಷಾರು! ಜರ್ಮನಿದೋ ಇಟಲಿದೋ ಹಾಕಿಸಿಬಿಡು. ಒಂದ್ಸಲ ದುಡ್ಡು ಹೋಗುತ್ತೆ, ಆಮೇಲೆ ತಿರುಗಿ ನೋಡೋ ಹಾಗಿಲ್ಲ." ಅಪ್ಪ ಮಾತ್ರ "ನಮ್ಮೂರ ಅಂಗಡೀಲಿ ಏನು ಸಿಗುತ್ತೋ ಅದನ್ನ ಹಾಕ್ಸೋ, ಸಾಕು" ಅಂದರು. ನಾನು ಬೆಂಗಳೂರಿನಲ್ಲಿರುವ ಮಗ, ಇಂಟರ್ನೆಟ್ಟಿನಲ್ಲಿ ಓದಿಕೊಂಡವನು. ಅಪ್ಪನ ಮಾತು ಕೇಳುತ್ತೇನೆಯೇ?

ಹದಿಮೂರು ಸಾವಿರ ಕೊಟ್ಟು, ಯುರೋಪಿನ ಹೆಸರಿರುವ, ಗೋಡೆಯೊಳಗೆ ಕೂರುವ ಮಿಕ್ಸರ್ ತಂದೆ. ನೋಡಲು ಚೆಂದವೇ ಇತ್ತು. ಬಂದ ನೆಂಟರಿಗೆಲ್ಲ ಅಮ್ಮ ತೋರಿಸಿದ್ದೇ ತೋರಿಸಿದ್ದು.

ಹೋದ ತಿಂಗಳು ಊರಿಗೆ ಹೋದಾಗ ಬೆಳಿಗ್ಗೆ ಹಿತ್ತಲಲ್ಲಿ ಸದ್ದು ಕೇಳಿ ಎದ್ದು ಹೋಗಿ ನೋಡಿದರೆ, ಅಮ್ಮ ಹಿತ್ತಲಿನ ಹಳೇ ಹಿತ್ತಾಳೆ ನಲ್ಲಿಯಿಂದ ಬಕೆಟ್ಟು ತುಂಬಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಬಚ್ಚಲಿಗೆ ಒಯ್ಯುತ್ತಿದ್ದಾರೆ. ಕೇಳಿದರೆ, ಒಳಗಿನ ನಲ್ಲಿ ನಾಲ್ಕು ತಿಂಗಳಿಂದ ಬಿಗಿಯಾಗಿದೆಯಂತೆ, ಎತ್ತಲು ಬರುವುದಿಲ್ಲವಂತೆ. "ನೀನು ಅಷ್ಟು ಖರ್ಚು ಮಾಡಿ ಹಾಕಿಸಿದೀಯ, ಹೇಗೆ ಹೇಳೋದು ಅಂತ ಸುಮ್ಮನಾದೆ" ಅಂದರು. ಆ ಕ್ಷಣ ನನಗಾದ ನಾಚಿಕೆಯನ್ನು ಇಲ್ಲಿ ಬರೆದು ಮುಗಿಸಲು ಆಗುವುದಿಲ್ಲ ಬಿಡಿ.

ಪ್ಲಂಬರ್ ಬಂದರು. ನಲ್ಲಿಯನ್ನು ಬಿಚ್ಚಿ, ಒಳಗಿನ ಕಾರ್ಟ್ರಿಜ್ ಹೊರತೆಗೆದರು. ಡಬ್ಬದ ಮೇಲೆ ಇದ್ದದ್ದು ಯುರೋಪಿನ ಕಂಪನಿಯ ಹೆಸರು, ಕಾರ್ಟ್ರಿಜ್ ಮೇಲೆ ಸಣ್ಣಕ್ಷರದಲ್ಲಿ ಇದ್ದದ್ದು ಚೀನಾ. ತಕ್ಷಣ ಭಾವನಿಗೆ ಫೋನು. "ನಾನು ಹೇಳ್ಲಿಲ್ವಾ! ಒಳಗೆ ಚೈನಾ ತುಂಬಿದಾರೆ, ಅದಕ್ಕೇ ಹಾಳಾಗಿದೆ!" ನನಗೂ ಹಾಗೇ ಅನ್ನಿಸಿತ್ತು. ಆದರೆ ಪ್ಲಂಬರ್ ಆ ಕಾರ್ಟ್ರಿಜ್ಜನ್ನು ಬಿಡಿಸಿ, ಒಳಗಿನ ಎರಡು ಬಿಳಿ ಪಿಂಗಾಣಿ ಬಿಲ್ಲೆಗಳನ್ನು ನನ್ನ ಅಂಗೈ ಮೇಲಿಟ್ಟರು. "ನೋಡಿ ಸಾರ್, ಬಿಲ್ಲೆ ಗಟ್ಟಿಮುಟ್ಟಾಗೇ ಇದೆ. ಸುತ್ತ ಬೆಳ್ಳಗೆ ಕಟ್ಟಿರೋದು ನಿಮ್ಮ ಬೋರ್ ನೀರಿನ ಸುಣ್ಣ. ಈ ಗೀರು ಮರಳಿಂದು. ಹೊಸ ಪೈಪು ಹಾಕ್ದಾಗ ನೀರು ಬಿಟ್ಟು ತೊಳೀದೇನೇ ಫಿಟ್ ಮಾಡವ್ರೆ. ಇದಕ್ಕೆ ಯಾವ ದೇಶ ಏನ್ಮಾಡುತ್ತೆ?"

ಅವತ್ತಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದೇ. ನಲ್ಲಿಯ ಗುಣಮಟ್ಟವನ್ನು ಅದು ತಯಾರಾದ ದೇಶ ನಿರ್ಧರಿಸುತ್ತದೆಯೇ? ನನ್ನ ಉತ್ತರ: ಬಹುಮಟ್ಟಿಗೆ ಇಲ್ಲ.

ಮೊದಲನೆಯದಾಗಿ, ಒಂದು ನಲ್ಲಿಗೆ ಒಂದೇ ದೇಶ ಅನ್ನುವುದೇ ಈಗ ಸುಳ್ಳು. ಗ್ರೋಹೆ ಅಂದರೆ ಜರ್ಮನಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆ ಕಂಪನಿಗೆ ಜರ್ಮನಿಯಲ್ಲಿ ಕಾರ್ಖಾನೆಗಳಿವೆ ನಿಜ, ಹಾಗೇ ಪೋರ್ಚುಗಲ್ಲಿನಲ್ಲೂ ಥಾಯ್ಲೆಂಡಿನಲ್ಲೂ ಇವೆ. 2014ರಿಂದ ಅದು ಜಪಾನಿನ ಲಿಕ್ಸಿಲ್ ತೆಕ್ಕೆಯಲ್ಲಿದೆ. ಅಮೆರಿಕದ ಕೋಹ್ಲರ್‌ಗೆ ಗುಜರಾತಿನ ಝಗಡಿಯಾದಲ್ಲಿ ಕಾರ್ಖಾನೆಯಿದೆ. ನಲ್ಲಿಯ ಹೃದಯ ಅನ್ನಬಹುದಾದ ಕಾರ್ಟ್ರಿಜ್ಜನ್ನು ಎಷ್ಟೋ ಕಂಪನಿಗಳು ತಾವೇ ಮಾಡುವುದಿಲ್ಲ. ಹಂಗೇರಿಯ ಕೆರಾಕ್ಸ್, ಸ್ಪೇನಿನ ಸೆಡಾಲ್ ತರಹದ ಕಂಪನಿಗಳು ಅದನ್ನೇ ಕಸುಬು ಮಾಡಿಕೊಂಡು ಬೇರೆಯವರಿಗೆ ಮಾರುತ್ತವೆ. ನಮ್ಮ ಜಾಮ್‌ನಗರ ಹಿತ್ತಾಳೆ ಬಿಡಿಭಾಗಗಳಿಗೇ ಹೆಸರಾದ ಊರು. ಹೀಗಿರುವಾಗ ಡಬ್ಬದ ಮೇಲಿನ ದೇಶದ ಹೆಸರು ಯಾವ ಭಾಗದ ಬಗ್ಗೆ ಹೇಳುತ್ತಿದೆ?

ಎರಡನೆಯದಾಗಿ, ದೇಶಗಳ ಹೆಸರಿಗೆ ಅಂಟಿಕೊಂಡ ಮರ್ಯಾದೆ ಕಾಲಕಾಲಕ್ಕೆ ಬದಲಾಗುತ್ತದೆ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನಕ್ಕೆ ಹೋಗಿದ್ದ ಫ್ರಾನ್ಜ್ ರೂಲೋ ಎಂಬ ಜರ್ಮನ್ ಎಂಜಿನಿಯರು, ನಮ್ಮ ದೇಶದ ಸರಕು ಅಗ್ಗ ಮತ್ತು ಕಳಪೆ ಅಂತ ಬರೆದುಬಿಟ್ಟರು. 1887ರಲ್ಲಿ ಬ್ರಿಟನ್ನು ಒಂದು ಕಾನೂನು ತಂದಿತು. ಹೊರದೇಶದ ಸರಕು ಬ್ರಿಟಿಷ್ ಸರಕಿನ ವೇಷದಲ್ಲಿ ಬರಬಾರದು, ತಯಾರಾದ ದೇಶದ ಹೆಸರು ಅದರ ಮೇಲಿರಬೇಕು ಅನ್ನುವುದು ಅದರ ತಿರುಳು. ಜರ್ಮನಿಯ ಅಗ್ಗದ ಮಾಲಿನಿಂದ ಗಿರಾಕಿಗಳು ದೂರ ಇರಲಿ ಅನ್ನುವುದೇ ಉದ್ದೇಶ. 'ಮೇಡ್ ಇನ್ ಜರ್ಮನಿ' ಅನ್ನುವ ಮುದ್ರೆ ಶುರುವಾದದ್ದು ಎಚ್ಚರಿಕೆಯ ಫಲಕವಾಗಿ! ಕೆಲವೇ ದಶಕಗಳಲ್ಲಿ ಅದೇ ಮುದ್ರೆ ಹೆಮ್ಮೆಯ ಗುರುತಾಯಿತು. ಎರಡನೇ ಮಹಾಯುದ್ಧದ ನಂತರ ಜಪಾನಿನ ಮಾಲಿಗೂ ಇದೇ ಗತಿ, ಇದೇ ಸದ್ಗತಿ. ಇವತ್ತು ನಾವು ಚೀನಾಕ್ಕೆ ಹೇಳುವುದನ್ನು ಅವತ್ತು ಜರ್ಮನಿಗೆ ಹೇಳುತ್ತಿದ್ದರು.

ಹಾಗಂತ ಚೀನಾದ ಕಳಪೆ ಮಾಲು ಸುಳ್ಳೇ? ಸುಳ್ಳಲ್ಲ, ನಾನೂ ನೋಡಿದ್ದೇನೆ. ಸಂತೆಯಲ್ಲಿ ನೂರಿನ್ನೂರಕ್ಕೆ ಸಿಗುವ ಹೊಳೆಯುವ ನಲ್ಲಿ ಆರು ತಿಂಗಳಿಗೆ ಸಿಪ್ಪೆ ಏಳುತ್ತದೆ. ಆದರೆ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಒಳ್ಳೆಯ ನಲ್ಲಿಗಳೂ ಅಲ್ಲೇ ತಯಾರಾಗುತ್ತವೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಕೈಪಿಂಗ್, ಫುಜಿಯಾನ್ ಪ್ರಾಂತ್ಯದ ನಾನ್‌ಆನ್ ಕಡೆ ನಲ್ಲಿ ಮಾಡುವುದೇ ಊರಿನ ಕಸುಬು. ಆ ಕಾರ್ಖಾನೆಗಳು ಆರ್ಡರ್ ಕೊಟ್ಟವನು ಕೇಳಿದ್ದನ್ನು ಮಾಡಿಕೊಡುತ್ತವೆ. ದಪ್ಪ ಹಿತ್ತಾಳೆ ಬೇಕೆಂದರೆ ದಪ್ಪ ಹಿತ್ತಾಳೆ, ಸತುವಿನ ಮಿಶ್ರಲೋಹ ಸಾಕೆಂದರೆ ಅದು. ಕಡಿಮೆ ಬೆಲೆಗೆ ಮಾಡು ಅಂತ ಹೇಳಿದವನು ನಮ್ಮ ದೇಶದ ಸಗಟು ವ್ಯಾಪಾರಿಯೇ ಆಗಿದ್ದರೆ ಬೈಯಬೇಕಾದ್ದು ಯಾರನ್ನು?

ಭಾವ ಇಲ್ಲೊಂದು ಒಳ್ಳೆಯ ವಾದ ಹೂಡಿದರು, ಒಪ್ಪಿಕೊಳ್ಳುತ್ತೇನೆ. "ಆ ದೇಶಗಳಲ್ಲಿ ಕಾನೂನು ಬಿಗಿ ಕಣೋ, ಅಲ್ಲಿನ ಮಾಲು ಕಳಪೆ ಆಗೋಕೆ ಬಿಡಲ್ಲ." ಅರ್ಧ ನಿಜ. ಹಿತ್ತಾಳೆಯನ್ನು ಕಡೆಯಲು ಸುಲಭವಾಗಲಿ ಅಂತ ಅದರಲ್ಲಿ ಸ್ವಲ್ಪ ಸೀಸ ಸೇರಿಸುವುದು ಹಳೆಯ ಪದ್ಧತಿ. ಸೀಸ ಮಕ್ಕಳ ಮಿದುಳಿಗೆ ವಿಷ. ಅಮೆರಿಕದಲ್ಲಿ 2014ರ ಜನವರಿಯಿಂದ, ಕುಡಿಯುವ ನೀರಿನ ನಲ್ಲಿಯಲ್ಲಿ ನೀರು ತಾಗುವ ಭಾಗಗಳ ಸೀಸ ಸರಾಸರಿ ಶೇಕಡಾ 0.25 ಮೀರುವಂತಿಲ್ಲ. ಅದಕ್ಕೂ ಮೊದಲು ಶೇಕಡಾ 8ರವರೆಗೆ ಅವಕಾಶವಿತ್ತು! ಆದರೆ ಗಮನಿಸಿ, ಈ ಕಾನೂನು ಕೇಳುವುದು ನಲ್ಲಿಯನ್ನು ಎಲ್ಲಿ ಮಾರುತ್ತೀರಿ ಅಂತ. ಎಲ್ಲಿ ಮಾಡಿದಿರಿ ಅಂತಲ್ಲ. ಅಮೆರಿಕದಲ್ಲಿ ಮಾರುವ ಚೀನಾ ನಲ್ಲಿಯೂ ಅದಕ್ಕೆ ತಲೆಬಾಗಲೇಬೇಕು. ಅಂದರೆ ನಮ್ಮನ್ನು ಕಾಯಬೇಕಾದ್ದು ನಮ್ಮ ಮಾರುಕಟ್ಟೆಯ ನಿಯಮ. ನಮ್ಮಲ್ಲೂ ನಲ್ಲಿಗಳಿಗೆ ಐಎಸ್ 781, ಐಎಸ್ 8931 ಅಂತ ಮಾನದಂಡಗಳಿವೆ. ಐಎಸ್‌ಐ ಗುರುತು, ಅದರ ಜೊತೆಗಿನ ಲೈಸೆನ್ಸ್ ನಂಬರು ನೋಡಿ ಕೊಳ್ಳುವವರು ನಮ್ಮಲ್ಲಿ ಎಷ್ಟು ಜನ? ನಾನಂತೂ ನೋಡಿರಲಿಲ್ಲ. ಬಾವುಟ ನೋಡಿದ್ದೆ ಅಷ್ಟೆ.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು: ನಲ್ಲಿ ಎಲ್ಲಿ ಹುಟ್ಟಿತು ಅನ್ನುವುದಕ್ಕಿಂತ ಎಲ್ಲಿ ಬಾಳಬೇಕು ಅನ್ನುವುದು. ನಮ್ಮ ಕುಡಿಯುವ ನೀರಿನ ಮಾನದಂಡದ ಪ್ರಕಾರ (2012ರ ಐಎಸ್ 10500) ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸರಿ, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಸಹಿಸಬಹುದು. ಬಯಲುಸೀಮೆಯ ಬೋರ್ ನೀರು ಕುಡಿದು ಬೆಳೆದವರಿಗೆ ಪಾತ್ರೆ ತಳದ ಬಿಳಿ ಪದರ ಹೊಸದೇನಲ್ಲ. ಅದೇ ಪದರ ನಲ್ಲಿಯೊಳಗೂ ಕಟ್ಟುತ್ತದೆ. ಹಳೆಯ ಹಿತ್ತಾಳೆ ನಲ್ಲಿಯ ರಬ್ಬರ್ ವಾಷರ್ ಸವೆದರೆ ಅಪ್ಪನೇ ಬದಲಿಸಿಬಿಡುತ್ತಿದ್ದರು. ಸೂಕ್ಷ್ಮವಾಗಿ ಪಾಲಿಶ್ ಮಾಡಿದ ಪಿಂಗಾಣಿ ಬಿಲ್ಲೆಗಳ ನಡುವೆ ಮರಳು ಕೂತರೆ ಯಾರೂ ಏನೂ ಮಾಡಲಾಗುವುದಿಲ್ಲ.

ಇನ್ನು ಒತ್ತಡ. ಯುರೋಪಿನ ಮಿಕ್ಸರ್, ಶವರ್‌ಗಳನ್ನು ಸಾಮಾನ್ಯವಾಗಿ ಒಂದು ಬಾರ್ ಅಥವಾ ಅದಕ್ಕಿಂತ ಹೆಚ್ಚು ಒತ್ತಡಕ್ಕೆಂದು ಮಾಡಿರುತ್ತಾರೆ. ಹತ್ತು ಮೀಟರ್ ಎತ್ತರದಿಂದ ನೀರು ಇಳಿದರೆ ಸುಮಾರು ಒಂದು ಬಾರ್. ನಮ್ಮ ತಾರಸಿಯ ಟ್ಯಾಂಕು ಶವರ್‌ಗಿಂತ ಮೂರು ಮೀಟರ್ ಮೇಲಿದ್ದರೆ ಹೆಚ್ಚು. ಅಂದರೆ 0.3 ಬಾರ್. ಆ ಹದಿಮೂರು ಸಾವಿರದ ಮಿಕ್ಸರಿನಿಂದ ಮೊದಲ ದಿನದಿಂದಲೇ ನೀರು ಸೊರಗಿ ಸೊರಗಿ ಬರುತ್ತಿದ್ದದ್ದು ಏಕೆ ಅಂತ ಈಗ ತಿಳಿಯಿತು. ಅದು ಕೆಟ್ಟ ನಲ್ಲಿಯಲ್ಲ. ನಮ್ಮ ಮನೆಗೆ ಅಲ್ಲದ ನಲ್ಲಿ.

ಕೊನೆಗೆ ಏನಾಯಿತು ಅಂತೀರಾ? ಬದಲಿ ಕಾರ್ಟ್ರಿಜ್ ತುಮಕೂರಿನಲ್ಲಿ ಇಲ್ಲ. ಬೆಂಗಳೂರಿನಲ್ಲಿ ಕೇಳಿದರೆ ಆರ್ಡರ್ ಕೊಡಿ, ಆರು ವಾರ ಅಂದರು. ಅಲ್ಲಿಯವರೆಗೆ ಅಮ್ಮ ಬಕೆಟ್ಟು ಹೊರಬೇಕೆ? ಗೋಡೆಯ ಟೈಲ್ಸ್ ಒಡೆಸಿ, ಇಡೀ ಮಿಕ್ಸರನ್ನೇ ತೆಗೆಸಿ, ಗೋಡೆಯ ಹೊರಗೆ ಕೂರುವ, ಉದ್ದ ಹಿಡಿಕೆಯ, ಕಾಲು ಸುತ್ತು ತಿರುಗಿಸಿದರೆ ಸಾಕಾಗುವ ಸಾದಾ ನಲ್ಲಿ ಹಾಕಿಸಿದೆ. ಅಪ್ಪ ಹೇಳಿದ ಅಂಗಡಿಯದ್ದೇ. ಬಿಡಿಭಾಗ ಅಲ್ಲೇ ಸಿಗುತ್ತದೆ. ಪ್ಲಂಬರ್ ಮೊದಲು ಪೈಪಿನಿಂದ ಎರಡು ಬಕೆಟ್ ನೀರು ಬಿಟ್ಟು ತೊಳೆದೇ ನಲ್ಲಿ ಕೂರಿಸಿದರು.

ತಮಾಷೆ ಅಂದರೆ ಭಾವ ಈಗ ಪಕ್ಷ ಬದಲಿಸಿದ್ದಾರೆ. "ಅದಕ್ಕೇ ಹೇಳೋದು, ಸ್ವದೇಶಿನೇ ಬೆಸ್ಟು!" ಅಲ್ಲ ಭಾವ, ಇದೂ ಅದೇ ತಪ್ಪು. ನಾವು ಈ ನಲ್ಲಿಯನ್ನೂ ನೋಡಿಕೊಳ್ಳದಿದ್ದರೆ ಇದೂ ಕೈ ಕೊಡುತ್ತದೆ, ಅದರ ಮೇಲೆ ಭಾರತ ಅಂತ ಬರೆದಿದ್ದರೂ.

ಮನೆ ಕಟ್ಟಿಸುತ್ತಿರುವ ಗೆಳೆಯರಿಗೆ, ಪ್ಲಂಬರ್ ಮಹಾಶಯರಿಂದ ನಾನು ಕಲಿತ ನಾಲ್ಕು ಮಾತು. ನಲ್ಲಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ. ಅದೇ ಗಾತ್ರದ, ಅದೇ ದಪ್ಪದ ಸತುವಿನ ನಲ್ಲಿ ಹಿತ್ತಾಳೆಯದಕ್ಕಿಂತ ಸುಮಾರು ಐದನೇ ಒಂದು ಭಾಗ ಹಗುರ. ಪೈಪು ಸೇರುವ ಕಡೆ ಒಳಗೆ ಇಣುಕಿ, ಹಳದಿ ಬಣ್ಣ ಕಾಣಬೇಕು. ಇದರ ಕಾರ್ಟ್ರಿಜ್ ಈಗ, ಈ ಅಂಗಡಿಯಲ್ಲಿ ಇದೆಯಾ, ತೋರಿಸಿ ಅಂತ ಕೇಳಿ. ನಮ್ಮ ಟ್ಯಾಂಕಿನ ಎತ್ತರ ಇಷ್ಟು, ಇದಕ್ಕೆ ಸಾಕಾ ಅಂತಲೂ ಕೇಳಿ. ಇಷ್ಟಕ್ಕೆಲ್ಲ ಉತ್ತರ ಸಿಕ್ಕಿದ ಮೇಲೆ ಯಾವ ದೇಶದ್ದು ಅಂತ ಬೇಕಿದ್ದರೆ ಕೇಳಿಕೊಳ್ಳಿ, ಕುತೂಹಲಕ್ಕೆ.

ಒಡೆದ ಜಾಗಕ್ಕೆ ಅದೇ ಬಣ್ಣದ ಟೈಲ್ಸ್ ಎಲ್ಲೂ ಸಿಗಲಿಲ್ಲ. ನೀಲಿ ಗೋಡೆಯ ಮಧ್ಯೆ ಈಗ ಎರಡು ಬಿಳಿ ಟೈಲ್ಸ್ ಕೂತಿವೆ. ಬಂದ ನೆಂಟರಿಗೆ ಅಮ್ಮ ಅದನ್ನೂ ತೋರಿಸುತ್ತಾರೆ, "ನಮ್ಮ ಮಗನ ಜರ್ಮನಿ" ಅಂತ!

ನಿಮ್ಮ ಮನೆ ನಲ್ಲಿಯ ಕಥೆ ಏನು? ಸಿಗೋಣ ಮತ್ತೆ.