ಗಡ್ಡೆ ತೆಗೆದರು ಸರಿ, ಒಳಗೆ ಅಂಟಿಕೊಳ್ಳುವ ಮಾತನ್ನು ಯಾರು ಹೇಳಬೇಕು?

ಆಪರೇಷನ್ ಆದ ಹೆಂಗಸನ್ನು ನೋಡಲು ಬಂದವರು ನಮ್ಮ ಕಡೆ ಮೊದಲು ಕೇಳುವುದು, "ಗಡ್ಡಿ ಎಷ್ಟ್ ತೂಕ ಇತ್ತು?" ಆಮೇಲೆ, "ಎಷ್ಟ್ ಖರ್ಚಾತು?" ನನ್ನ ಅಕ್ಕನಿಗೂ ಇವನ್ನೇ ಕೇಳಿದರು. ಸ್ಟೀಲ್ ತಟ್ಟೆಯಲ್ಲಿಟ್ಟ ಐದು ಗಡ್ಡೆಗಳ ಫೋಟೊ ಭಾವನ ಮೊಬೈಲ್‌ನಲ್ಲಿತ್ತು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಆ ಐದು ಗಡ್ಡೆ ಕಿತ್ತ ಜಾಗ ಒಳಗೆ ಹೇಗೆ ಮಾಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ದಿನಾ ನಾಲ್ಕು ಜನರನ್ನು ಪ್ರಶ್ನೆ ಕೇಳಿ ಸುದ್ದಿ ಬರೆಯುವ ನಾನೂ ಕೇಳಲಿಲ್ಲ.

ಮೂರು ವರ್ಷ ಕಳೆದ ಮೇಲೆ ಒಂದು ರಾತ್ರಿ ಅಕ್ಕನಿಗೆ ಹೊಟ್ಟೆ ಹಿಂಡಿದಂತೆ ನೋವು ಶುರುವಾಯಿತು. ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದೆವು. ಬೆಳಗಿನ ಜಾವಕ್ಕೆ ಹೊಟ್ಟೆ ಉಬ್ಬಿ ಹಸಿರು ವಾಂತಿ. ಜಿಲ್ಲಾ ಕೇಂದ್ರದ ಸರ್ಜನ್ ಹೊಟ್ಟೆ ತೆರೆದು ನೋಡಿ ಹೊರಗೆ ಬಂದು ಹೇಳಿದ್ದು: ಹಳೇ ಆಪರೇಷನ್ ಜಾಗಕ್ಕೆ ಕರುಳು ಅಂಟಿಕೊಂಡು ಮಡಚಿಕೊಂಡಿದೆ. ಇದಕ್ಕೆ ಅಡ್ಹೀಷನ್ ಅನ್ನುತ್ತಾರೆ. ನಾನು ಆ ಪದ ಕೇಳಿದ್ದು ಅವತ್ತೇ.

ನಮ್ಮ ಹೊಟ್ಟೆಯೊಳಗೆ ಕರುಳು, ಗರ್ಭಕೋಶ, ಅಂಡಾಶಯ ಎಲ್ಲವೂ ತೆಳುವಾದ ನುಣುಪು ಪೊರೆ ಹೊದ್ದುಕೊಂಡು ಒಂದರ ಮೇಲೊಂದು ಜಾರುತ್ತಾ ಇರುತ್ತವೆ. ಕತ್ತರಿ ತಾಗಿದಲ್ಲಿ, ಸುಟ್ಟಲ್ಲಿ, ಒಣಗಿದಲ್ಲಿ ಆ ಪೊರೆ ಹೋಗಿ ಹಸಿ ಗಾಯವಾಗುತ್ತದೆ. ಗಾಯದಿಂದ ಗೋಂದಿನಂಥ ರಸ ಒಸರುತ್ತದೆ. ದೇಹ ಅದನ್ನು ಬೇಗ ಕರಗಿಸಿದರೆ ಸರಿ. ಕರಗದಿದ್ದರೆ ಅದೇ ದಾರವಾಗಿ, ಹಗ್ಗವಾಗಿ ಗಟ್ಟಿಯಾಗುತ್ತದೆ. ಯಾವುದು ಅಂಟಬೇಕು, ಯಾವುದು ಬಿಡಬೇಕು ಎಂಬುದು ಮೊದಲ ಒಂದು ವಾರದಲ್ಲೇ ಬಹುತೇಕ ತೀರ್ಮಾನವಾಗಿರುತ್ತದೆ. ಹೊರಗಿನ ಹೊಲಿಗೆ ಬಿಚ್ಚುವ ಹೊತ್ತಿಗೆ ಒಳಗಿನ ಕಥೆ ಮುಗಿದಿರುತ್ತದೆ.

ಗರ್ಭಕೋಶ ಉಳಿಸಿ ಬರೀ ಗಡ್ಡೆ ತೆಗೆಯುವ ಮಯೋಮೆಕ್ಟಮಿಯಲ್ಲಿ ಈ ಕಾಟ ಜಾಸ್ತಿ. ಯಾಕೆಂದರೆ ಗರ್ಭಕೋಶದ ಮೈಮೇಲೆಯೇ ಹಸಿ ಗಾಯ ಉಳಿಯುತ್ತದೆ. ಅದರ ಹಿಂಬದಿ ಕೊಯ್ದರೆ ಇನ್ನೂ ಕಷ್ಟ. ಕರುಳು, ಅಂಡಾಶಯ, ನಳಿಕೆ ಅಲ್ಲೇ ಪಕ್ಕದಲ್ಲಿರುತ್ತವೆ. 1993ರ ಒಂದು ಸಣ್ಣ ಅಧ್ಯಯನದಲ್ಲಿ ಹಿಂಬದಿ ಕೊಯ್ತವಾದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರಿಗೆ ಅಂಟು ಕಂಡಿತ್ತು. ಮುಂಬದಿ ಮತ್ತು ಮೇಲ್ಭಾಗದ ಕೊಯ್ತದಲ್ಲಿ ಸುಮಾರು 56. ಅಂಟಿದವರಿಗೆಲ್ಲ ತೊಂದರೆ ಆಗುತ್ತದೆ ಎಂದಲ್ಲ, ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಆದರೆ ಕೆಲವರಿಗೆ ನಳಿಕೆ ಸಿಕ್ಕಿಕೊಂಡು ಮಕ್ಕಳಾಗುವುದಿಲ್ಲ, ಕೆಲವರಿಗೆ ವರ್ಷಗಟ್ಟಲೆ ಕಿಬ್ಬೊಟ್ಟೆ ನೋವು, ಕೆಲವರಿಗೆ ನನ್ನ ಅಕ್ಕನ ಹಾಗೆ ಕರುಳು ಕಟ್ಟುತ್ತದೆ. ಮಗು ಬೇಕು ಎಂದೇ ಗರ್ಭಕೋಶ ಉಳಿಸಿಕೊಂಡವಳಿಗೆ ಆ ಆಪರೇಷನ್ನೇ ಮಗುವಿಗೆ ಅಡ್ಡಿಯಾದರೆ ಯಾರ ಹತ್ತಿರ ಹೇಳಿಕೊಳ್ಳಬೇಕು?

ಅಂಟು ಸಾಮಾನ್ಯವಾಗಿ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ನಮ್ಮ ಹೆಂಗಸರು ಅವಮಾನ ಅನುಭವಿಸುವುದು ಇಲ್ಲೇ. ರಿಪೋರ್ಟ್ ನಾರ್ಮಲ್ ಬಂತು ಎಂದರೆ ಅತ್ತೆ ಸೋಗು ಅನ್ನುತ್ತಾಳೆ, ಗಂಡ ಕೆಲಸಗಳ್ಳಿ ಅನ್ನುತ್ತಾನೆ. ಪೂರ್ತಿ ಖಚಿತವಾಗಿ ತಿಳಿಯುವುದು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದಾಗ ಅಥವಾ ಕೊಯ್ದಾಗ.

ತಡೆಯಲು ದಾರಿ ಇಲ್ಲವೇ? ಪೂರ್ತಿ ತಡೆಯಲಾಗದು, ಕಡಿಮೆ ಮಾಡಬಹುದು. ಬಹುಪಾಲು ಸರ್ಜನ್ ಕೈಯಲ್ಲಿದೆ. ಅಂಗಗಳನ್ನು ಮೆತ್ತಗೆ ಮುಟ್ಟುವುದು, ಒಣಗದಂತೆ ತೇವ ಇಡುವುದು, ರಕ್ತ ನಿಲ್ಲಿಸಿ ತೊಳೆದು ಬರುವುದು, ಪುಡಿ ಹಚ್ಚಿದ ಗ್ಲೌಸ್ ಬಳಸದಿರುವುದು, ಆದಷ್ಟು ಒಂದೇ ಕೊಯ್ತದಲ್ಲಿ ಹೆಚ್ಚು ಗಡ್ಡೆ ತೆಗೆಯುವುದು. ಗ್ಲೌಸ್ ಪುಡಿ ಎಂದರೆ ಸಣ್ಣ ಮಾತು ಅನ್ನಿಸಬಹುದು. ಅಂಟೂ ಸೇರಿದಂತೆ ಅದರ ಅಪಾಯಗಳನ್ನು ಹೇಳಿ ಅಮೆರಿಕ 2017ರಿಂದ ಪುಡಿ ಗ್ಲೌಸನ್ನೇ ನಿಷೇಧಿಸಿದೆ. ಗಡ್ಡೆಯ ಗಾತ್ರ, ಜಾಗ ಹೊಂದಿದರೆ ಲ್ಯಾಪ್ರೊಸ್ಕೋಪಿಯಲ್ಲಿ ಅಂಟು ಕಡಿಮೆ.

ಇನ್ನೊಂದು, ನಡುವೆ ತಡೆ ಇಡುವುದು. ಬಿಸಿ ಹೋಳಿಗೆ ಒಂದರ ಮೇಲೊಂದು ಪೇರಿಸಿದರೆ ಅಂಟುತ್ತವೆ, ನಡುವೆ ಕಾಗದ ಹಾಕಿದರೆ ಬಿಡಿಬಿಡಿಯಾಗಿ ಏಳುತ್ತವೆ. ಅದೇ ಲೆಕ್ಕ. ಗಾಯದ ಮೇಲೆ ಹೊದಿಸುವ, ಕೆಲ ದಿನಗಳಲ್ಲಿ ತಾನೇ ಕರಗುವ ಹಾಳೆ ಇದೆ, ಜೆಲ್ ಇದೆ, ಹೊಟ್ಟೆಯೊಳಗೆ ಬಿಡುವ ದ್ರವವೂ ಇದೆ. ಅಂಟು ಕಡಿಮೆಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಿವೆ. ಮಗು ಆಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ. ಹಾಗಾಗಿ "ಹಾಳೆ ಹಾಕಿದರೆ ಗ್ಯಾರಂಟಿ" ಎಂದು ಬಿಲ್ ಏರಿಸುವವರನ್ನೂ ನಂಬಬೇಡಿ.

ಮನೆಯಲ್ಲಿ ನಾವು ಮಾಡುವ ಪಥ್ಯ ಇದಕ್ಕೆ ಲೆಕ್ಕಕ್ಕಿಲ್ಲ. ಬದನೆಕಾಯಿ ನಂಜು ಎಂದು ಅಕ್ಕನಿಗೆ ಆರು ತಿಂಗಳು ಬಾಯಿ ಕಟ್ಟಿಸಿದ್ದೆವು. ಬದನೆಕಾಯಿ ಪಾಪದ್ದು. ಮೊದಲ ದಿನಗಳಲ್ಲೇ ಎದ್ದು ಓಡಾಡುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಒಳ್ಳೆಯದು, ಆದರೆ ಅಂಟು ತಡೆಯುವ ಮದ್ದು ಅಂತ ಅಲ್ಲ.

ನನ್ನ ತಕರಾರು ಇಷ್ಟೇ. ಸಹಿ ಹಾಕಿಸಿಕೊಳ್ಳುವ ಮೊದಲು ಇದನ್ನು ಕನ್ನಡದಲ್ಲಿ ಹೇಳಬೇಕು. ಪರಿಚಯದ ಡಾಕ್ಟರೊಬ್ಬರು, "ಅದನ್ನೆಲ್ಲ ಹೇಳಿದ್ರೆ ಪೇಷಂಟ್ ಓಡಿ ಹೋಗ್ತಾರೆ" ಎಂದರು. ಹೋಗಲಿ ಬಿಡಿ! ಓಡಿ ಹೋಗಿ ಇನ್ನೊಬ್ಬ ಡಾಕ್ಟರ್ ಹತ್ತಿರ ಕೇಳಿಕೊಂಡು ಬರಲಿ. ತೊಂದರೆ ಕೊಡದ ಗಡ್ಡೆಯನ್ನು ಸ್ಕ್ಯಾನಿಂಗ್‌ನಲ್ಲಿ ಕಂಡಿತು ಎಂಬ ಒಂದೇ ಕಾರಣಕ್ಕೆ ತೆಗೆಯಬೇಕಿಲ್ಲ, ಮುಟ್ಟು ನಿಂತ ಮೇಲೆ ಬಹಳಷ್ಟು ಕುಗ್ಗುತ್ತವೆ. ರಕ್ತಸ್ರಾವಕ್ಕೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ. ಕೊಯ್ಯದ ಹೊಟ್ಟೆಯಲ್ಲಿ ಕೊಯ್ತದ ಅಂಟು ಬರುವುದಿಲ್ಲ. ಗರ್ಭಕೋಶವನ್ನೇ ತೆಗೆಸಿದರೆ ಈ ರಗಳೆ ತಪ್ಪಿತು ಎಂದುಕೊಳ್ಳಬೇಡಿ, ಅಲ್ಲೂ ಅಂಟು ಬರುತ್ತದೆ. ಕಲಬುರಗಿಯ ತಾಂಡಾಗಳಲ್ಲಿ, ರಾಣೆಬೆನ್ನೂರಿನಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದರು ಎಂಬ ದೂರುಗಳನ್ನು ನಾವು ಓದಿದ್ದೇವೆ. ಇಂಥದ್ದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲೇ ರಾಜ್ಯಗಳಿಗೆ ಹೇಳಿದೆ.

ಇಷ್ಟಾದರೂ ಆಪರೇಷನ್ ಬೇಕೇ ಬೇಕಾದವರಿದ್ದಾರೆ. ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 6ಕ್ಕೆ ಇಳಿದವಳು ಇದನ್ನು ಓದಿ ಹೆದರಿ ಕೂರಬಾರದು. ಕೊಯ್ತ ಮುಂದೋ ಹಿಂದೋ, ಲ್ಯಾಪ್ರೊಸ್ಕೋಪಿ ಆಗುತ್ತದೋ ಇಲ್ಲವೋ, ಅಂಟು ತಡೆಯಲು ಏನು ಮಾಡುತ್ತೀರಿ, ಅದರ ಖರ್ಚು ಆಯುಷ್ಮಾನ್ ಕಾರ್ಡಿನಲ್ಲಿ ಬರುತ್ತದೋ ಎಂದು ಕೇಳಿ. ಆಮೇಲೆ ಆಪರೇಷನ್ ನೋಟ್ಸ್ ಪ್ರತಿ ತೆಗೆದುಕೊಳ್ಳಿ. ಡಿಸ್ಚಾರ್ಜ್ ಕಾರ್ಡ್ ಅಲ್ಲ, ನೋಟ್ಸ್. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೇ ಹೇಳುತ್ತದೆ. ಹಳೇ ಆಪರೇಷನ್ ಆದವರಿಗೆ ಹಿಂಡುವ ನೋವು, ವಾಂತಿ, ಹೊಟ್ಟೆ ಉಬ್ಬರ ಬಂದು ಗಾಳಿಯೂ ಹೋಗದಿದ್ದರೆ ಸೋಡಾ ಕುಡಿಸುತ್ತಾ ಕೂರದೆ ಆಗಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಅಕ್ಕನ ಮೊದಲ ಆಪರೇಷನ್ ನೋಟ್ಸ್ ಕೇಳಲು ಎರಡನೇ ಆಪರೇಷನ್ ಆದ ಮೇಲೆ ಆ ನರ್ಸಿಂಗ್ ಹೋಮಿಗೆ ನಾಲ್ಕು ಸಲ ಹೋದೆ. ಕೊನೆಗೆ ಕೊಟ್ಟ ಹಾಳೆಯಲ್ಲಿ ಗಡ್ಡೆಗಳ ಲೆಕ್ಕ, ಅರಿವಳಿಕೆಯ ಹೆಸರು, ದಿನಾಂಕ ಇತ್ತು. ಕೊಯ್ದದ್ದು ಗರ್ಭಕೋಶದ ಮುಂಬದಿಯೋ ಹಿಂಬದಿಯೋ ಎಂದು ಬರೆದಿರಲಿಲ್ಲ.