ಗೋದಾಮಿನಲ್ಲೇನಿದೆ, ಊರಿಗೆ ಹೇಳಿ

2020ರ ಅಕ್ಟೋಬರ್ 2ರಂದು ಯಲಹಂಕದ ಅನಿಲ ವಿದ್ಯುತ್ ಸ್ಥಾವರದಲ್ಲಿ ಪ್ರಾಯೋಗಿಕ ಚಾಲನೆಯ ವೇಳೆ ಬೆಂಕಿ ಹತ್ತಿ, ಎಂಜಿನಿಯರುಗಳೂ ಸೇರಿ 15 ಮಂದಿ ಗಾಯಗೊಂಡರು. ಅನಿಲ ಸ್ಥಾವರವೆಂದರೆ ಎಲ್ಲರ ಭಯ ಅನಿಲದ ಪೈಪಿನ ಮೇಲೆ. ಆದರೆ ಅಲ್ಲಿ ಸೋರಿ ಉರಿದದ್ದು ಟರ್ಬೈನಿನ ಎಣ್ಣೆ ಎಂದು ಆಗಿನ ವರದಿಗಳು ಹೇಳಿದವು. ನಾವು ಹೆದರುವುದು ಒಂದಕ್ಕೆ, ಸುಡುವುದು ಇನ್ನೊಂದು.

ಯಲಹಂಕಕ್ಕೆ ಅನಿಲ ತರುವ ದಾಭೋಳ್-ಬೆಂಗಳೂರು ಪೈಪ್‌ಲೈನ್ ತುಮಕೂರು ಜಿಲ್ಲೆಯನ್ನು ಹಾದೇ ಹೋಗುತ್ತದೆ. ಜಿಲ್ಲೆಯ ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆಯುತ್ತಲೇ ಇದೆ. 2023ರ ಫೆಬ್ರುವರಿ 6ರಂದು ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ ಶಂಕುಸ್ಥಾಪನೆಯಾಯಿತು, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೂ ಅಂದೇ ಉದ್ಘಾಟನೆಗೊಂಡಿತು. ಕುಣಿಗಲ್ಲಿಗೆ ಅಂಚೇಪಾಳ್ಯ ಕೈಗಾರಿಕಾ ಪ್ರದೇಶವಿದೆ. ಕೆಲಸ ಬರಲಿ, ಸಂತೋಷ. ಆದರೆ ಅದರ ಬೆನ್ನಿಗೇ ಬರುವ ಡ್ರಮ್ಮು, ಟ್ಯಾಂಕುಗಳ ಲೆಕ್ಕ ಊರಿಗೂ ಸಿಗಬೇಕು.

ಕಾರ್ಖಾನೆಯ ಬಾಯ್ಲರಿಗೆ ಹೋಗುವ ನೀರನ್ನು ಶುದ್ಧ ಮಾಡಲು ಹೈಡ್ರೋಕ್ಲೋರಿಕ್ ಆಸಿಡ್ ಬೇಕು, ಕಾಸ್ಟಿಕ್ ಸೋಡಾ ಬೇಕು. ಕೂಲಿಂಗ್ ಟವರಿನ ಪಾಚಿ ತಡೆಯಲು ಕ್ಲೋರಿನ್ ಅಥವಾ ಹೈಪೋಕ್ಲೋರೈಟ್. ಆಸಿಡ್, ಹೈಪೋಕ್ಲೋರೈಟ್ ಬೇರೆ ಬೇರೆ ಇದ್ದಾಗ ತಕ್ಕ ಮಟ್ಟಿಗೆ ಸಾಧು. ಹೈಪೋಕ್ಲೋರೈಟ್ ಟ್ಯಾಂಕಿಗೆ ತಪ್ಪಿ ಆಸಿಡ್ ಟ್ಯಾಂಕರಿನ ಪೈಪು ಜೋಡಿಸಿದರೆ ಸಾಕು, ಹಸಿರು-ಹಳದಿ ಕ್ಲೋರಿನ್ ಎದ್ದುಬರುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ್ದರಿಂದ ಅದು ಮೇಲೆ ಹಾರಿಹೋಗುವುದಿಲ್ಲ. ಹಳ್ಳ, ಕೆರೆಯಂಗಳ, ತಗ್ಗಿನ ಮನೆಗಳಲ್ಲೇ ತಂಗುತ್ತದೆ. ಆಗ ತಗ್ಗಿಗೆ ಓಡಬಾರದು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಎತ್ತರದ ಜಾಗಕ್ಕೆ ಹೋಗಬೇಕು. ಇಷ್ಟನ್ನು ಕಾರ್ಖಾನೆಯ ಪಕ್ಕದ ಹಳ್ಳಿಯ ಎಷ್ಟು ಜನರಿಗೆ ಯಾರು ಹೇಳಿಕೊಟ್ಟಿದ್ದಾರೆ?

ಅಪಾಯ ರಸ್ತೆಯಲ್ಲೂ ಇದೆ. ಕುಣಿಗಲ್ ಬೈಪಾಸಿನಲ್ಲಿ ನಿಂತು ನೋಡಿ. ಟ್ಯಾಂಕರಿನ ಅಪಾಯಸೂಚಕ ಫಲಕದಲ್ಲಿ 1789 ಎಂದಿದ್ದರೆ ಒಳಗಿರುವುದು ಹೈಡ್ರೋಕ್ಲೋರಿಕ್ ಆಸಿಡ್. 1017 ಆದರೆ ಕ್ಲೋರಿನ್. ಆ ನಾಲ್ಕಂಕಿ ಓದಲು ಬಂದರೆ ಟ್ಯಾಂಕರ್ ಮಗುಚಿದಾಗ ಮೊದಲು ಓಡಿಬರುವ ಹೋಂಗಾರ್ಡಿನ ಜೀವವೂ ಉಳಿದೀತು.

ಕಾನೂನಿಗೆ ಬರವಿಲ್ಲ. ಭೋಪಾಲದ ಅನಿಲ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿದ 41ಬಿ ಕಲಮು, ಅಪಾಯಕಾರಿ ಕಾರ್ಖಾನೆ ತನ್ನ ಅಪಾಯವನ್ನು ಕಾರ್ಮಿಕರಿಗಷ್ಟೇ ಅಲ್ಲ, ಸುತ್ತಲಿನ ಜನರಿಗೂ ತಿಳಿಸಬೇಕೆಂದು ಅಂದೇ ವಿಧಿಸಿತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ, ನಿಗದಿತ ಪ್ರಮಾಣಕ್ಕಿಂತ ಹೆಚ್ಚು ರಾಸಾಯನಿಕ ಇಟ್ಟವರು ಆರು ತಿಂಗಳಿಗೊಮ್ಮೆ ಆವರಣದೊಳಗೆ ಅಣಕು ಪ್ರದರ್ಶನ ನಡೆಸಬೇಕು. 1996ರ ರಾಸಾಯನಿಕ ಅಪಘಾತ ನಿಯಮಗಳಂತೆ ಜಿಲ್ಲಾ ಬಿಕ್ಕಟ್ಟು ತಂಡ 45 ದಿನಕ್ಕೊಮ್ಮೆ ಸೇರಬೇಕು, ವರ್ಷಕ್ಕೊಂದು ಪೂರ್ಣ ಪ್ರಮಾಣದ ಅಣಕು ಪ್ರದರ್ಶನ ಮಾಡಬೇಕು. ಸೈರನ್ ಊದಿ, ಸ್ಟ್ರೆಚರ್ ಹೊತ್ತು, ಫೋಟೊ ತೆಗೆಸಿಕೊಂಡು ಉಪ್ಪಿಟ್ಟು ತಿಂದು ಏಳುವುದನ್ನು ನಾವು ಅಣಕು ಪ್ರದರ್ಶನ ಎನ್ನಲಾರೆವು. ಅದು ಪ್ರದರ್ಶನದ ಅಣಕು.

ನಮ್ಮ ತೀರ್ಪು ಖಚಿತ. ಯಾವ ರಾಸಾಯನಿಕ, ಎಷ್ಟು ಟನ್, ಸೋರಿದರೆ ಯಾವ ಕಡೆ ಓಡಬೇಕು ಎಂಬುದು ಗೇಟಿನ ಹೊರಗೆ ದೊಡ್ಡ ಕನ್ನಡ ಅಕ್ಷರದಲ್ಲಿರಬೇಕು. ಗ್ರಾಮ ಪಂಚಾಯ್ತಿ, ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳಲ್ಲಿ ಅದರ ಪ್ರತಿ ಇರಬೇಕು. ಸೋರಿಕೆಯ ಸುದ್ದಿ ಮುಚ್ಚಿಟ್ಟವರ ಮೇಲೆ ಮೊಕದ್ದಮೆ ಹೂಡಬೇಕು. ಜಿಲ್ಲಾಧಿಕಾರಿಗಳು ಬಿಕ್ಕಟ್ಟು ತಂಡದ ಮುಂದಿನ ಸಭೆಯ ನಡಾವಳಿಯನ್ನು ಬಹಿರಂಗಪಡಿಸಲಿ. ಫಲಕ ಹಾಕದ ಕಾರ್ಖಾನೆಗೆ ಕಾರ್ಖಾನೆಗಳ ಇಲಾಖೆ ಲೈಸೆನ್ಸ್ ನವೀಕರಿಸಕೂಡದು.